ಹದಿನೈದು ಹೆಜ್ಜೆ ಹಿಂದೆ

ಶನಿವಾರ, ಮಾರ್ಚ್ ೧೪
ಮಧ್ಯಾಹ್ನ

ನನ್ನ ಚಿನಕುರುಳಿ ನಾದಿನಿಗೆ,

ಬಾಗಿಲಲ್ಲಿ ನಿಂತವರನ್ನು ಮೊದಲು ಒಳಗೆ ಕರೆ. ಕೂರಿಸಿ ನೀರು ಕೊಡು. ಆಮೇಲೆ ಈ ಕಾಗದ ಬಿಡಿಸು. ಅವರ ಬೆನ್ನ ಹಿಂದೆ ನಾನೆಲ್ಲಿ ಅಂತ ಇಣುಕಬೇಡ, ಗೇಟಿನ ಆಚೆಗೂ ಹುಡುಕಬೇಡ. ನಾನು ಬಂದಿಲ್ಲ. ಯಾರೂ ಬಂದಿಲ್ಲ. ನಿಮ್ಮಣ್ಣ ಒಬ್ಬರೇ ಬಂದಿದ್ದಾರೆ. ಎರಡು ಬಸ್ಸು ಹತ್ತಿ ಇಳಿದು, ನಿಮ್ಮ ಆ ಅಗಲವಾದ ರಸ್ತೆ ದಾಟಿ, ಎಡಕ್ಕೆ ಮೂರನೆಯ ಗೇಟು ಎಣಿಸಿಕೊಂಡು ಬಂದಿದ್ದಾರೆ. ಅಳು ಬಂದರೆ ಅತ್ತುಬಿಡು, ಆದರೆ ಅವರನ್ನು ತಬ್ಬಿಕೊಂಡು ಎಳೆದಾಡಬೇಡ. ಎಳೆದಾಡಿದರೆ ಈಗ ಅವರಿಗೆ ಮೈಯೆಲ್ಲ ಉರಿಯುತ್ತದೆ. ಮತ್ತೆ, ಹೌದು, ಮೀಸೆ ಇಲ್ಲ. ಅದರ ಕಥೆ ಮುಂದೆ ಬರುತ್ತದೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಎರಡು ತಿಂಗಳಿಂದ ನಿನ್ನ ಫೋನಿಗೆ ನೆಟ್ಟಗೆ ಉತ್ತರ ಕೊಟ್ಟಿಲ್ಲ. "ಕೆಲಸ ಇದೆ ಕಣೇ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಿದ್ದೆ. ನೀನು ಮುನಿಸಿಕೊಂಡಿರುತ್ತೀಯ ಅಂತ ಗೊತ್ತು. ಆದರೆ ನಿನ್ನ ಹತ್ತಿರ ಬಾಯಿ ಬಿಟ್ಟರೆ ಹೊಟ್ಟೆಯಲ್ಲಿರುವುದೆಲ್ಲ ಹೊರಗೆ ಬೀಳುತ್ತದೆ. ಶಾಲೆಯ ಬೆಂಚಿನಿಂದಲೂ ನಿನ್ನ ಮುಂದೆ ಏನನ್ನೂ ಮುಚ್ಚಿಡಲು ನನಗೆ ಬರುತ್ತಿರಲಿಲ್ಲವಲ್ಲ. ನಿಮ್ಮಣ್ಣನೋ, "ಪುಟ್ಟಿಗೆ ಹೇಳಬೇಡ, ನಾನೇ ಹೋಗಿ ನಿಲ್ತೀನಿ" ಅಂತ ಆಣೆ ಹಾಕಿಸಿಕೊಂಡಿದ್ದರು. ನೀನು ಭಾನುವಾರ ಮನೆಯಲ್ಲಿರುತ್ತೀಯೋ ಇಲ್ಲವೋ ಅಂತ ನಿನ್ನ ಯಜಮಾನರನ್ನು ಮಾತ್ರ ಗುಟ್ಟಾಗಿ ಕೇಳಿಕೊಂಡೆ. ಪಾಪ, ಅವರ ಮೇಲೆ ರೇಗಬೇಡ.

ಶುರುವಾಗಿದ್ದು ಹೀಗೆ. ವರ್ಷದ ಮೊದಲ ವಾರ, ಬೆಳಗ್ಗೆ ಹನ್ನೊಂದರ ಹೊತ್ತು. ನಾನು ಯಾವುದೋ ವಸತಿಗೃಹದವರು ಕೊಟ್ಟ ಪರದೆ ಹೊಲಿಯುತ್ತಿದ್ದೆ. ಪರದೆ ಬಟ್ಟೆ ಉದ್ದ. ನಾನು ಮೆಷಿನ್ ತುಳಿಯುವಾಗ ಇನ್ನೊಂದು ತುದಿ ನೆಲಕ್ಕೆ ಬೀಳದ ಹಾಗೆ ನಿಮ್ಮಣ್ಣ ಹಿಡಿದುಕೊಂಡು ಕೂರುತ್ತಾರೆ. ಕಣ್ಣು ಹೋದ ಈ ಎಂಟು ವರ್ಷದಲ್ಲಿ ಅದೇ ಅವರ ಉದ್ಯೋಗವಾಗಿಬಿಟ್ಟಿತ್ತು. ಮೆಟ್ಟಿಲ ಮೇಲೆ ಟಕ್ ಟಕ್ ಅಂತ ಸದ್ದು ಬಂತು. ಬಾಗಿಲು ತೆಗೆದರೆ ಇಬ್ಬರು ನಿಂತಿದ್ದಾರೆ. ಒಬ್ಬರು ನಡುವಯಸ್ಸಿನ ಗಂಡಸು, ಕೈಯಲ್ಲಿ ಉದ್ದ ಹಿಡಿ ಇರುವ ಒಂದು ಚಕ್ರ. ಇನ್ನೊಬ್ಬಳು ಮೂವತ್ತರ ಆಸುಪಾಸಿನವಳು, ಕೈಯಲ್ಲಿ ಬಿಳಿ ಕೋಲು.

ನನ್ನ ಬುದ್ಧಿಗೆ ಏನನ್ನಬೇಕೋ. ಆ ಗಂಡಸು ಯಾವುದೋ ಸಾಹೇಬರು, ಪಾಪದ ಹುಡುಗಿಯನ್ನು ಸಹಾಯ ಕೇಳೋಕೆ ಕರೆತಂದಿದ್ದಾರೆ ಅಂದುಕೊಂಡೆ. ಅವರಿಗೆ ಕುರ್ಚಿ ಎಳೆದು ಕೊಟ್ಟೆ. ಅವಳ ತೋಳು ಹಿಡಿದು ನಡೆಸಲು ಹೋದೆ. ಅವಳು ನಗುತ್ತಾ ತೋಳು ಬಿಡಿಸಿಕೊಂಡು, "ಅಕ್ಕಾ, ಅವರಿಗೆ ಕಣ್ಣು ಕಾಣುತ್ತೆ, ಎಲ್ಲಾದ್ರೂ ಕೂತ್ಕೋತಾರೆ. ನಿಮ್ಮ ಹತ್ರ ಕೆಲಸ ಇರೋದು ನನಗೆ" ಅಂದಳು. ಅವಳೇ ಸಂಶೋಧಕಿ. ಆ ಗಂಡಸು ಅವಳ ಕೈಕೆಳಗೆ ದೂರ ಅಳೆಯುವವರು! ಅವಳು ಹುಟ್ಟಿದಾಗಿನಿಂದ ಬೆಳಕನ್ನೇ ಕಂಡವಳಲ್ಲ. ಹಿಂದಿನ ದಿನ ಒಬ್ಬಳೇ ರೈಲಿನಲ್ಲಿ ಬಂದಿಳಿದು, ಇಲ್ಲೇ ಎರಡು ಬೀದಿ ಆಚೆ ಬಾಡಿಗೆಗೆ ರೂಮು ಹಿಡಿದಿದ್ದಳಂತೆ. ನಿಮ್ಮಣ್ಣ ಆಮೇಲೆ ಅವಳಿಗೆ ಟೀಚರ್ ಅಂತ ಹೆಸರಿಟ್ಟರು, ಅವರಿಗೆ ಚಕ್ರದಣ್ಣ ಅಂತ.

ಕಣ್ಣು ಕಾಣದವರು ಒಬ್ಬರೇ ಓಡಾಡುವುದರ ಬಗ್ಗೆ ಅವರ ಸಂಶೋಧನೆ. ನಮ್ಮ ಊರಿನಿಂದ ಹದಿನಾಲ್ಕು ಜನ. ಪ್ರತಿಯೊಬ್ಬರೂ ತಾವು ಒಬ್ಬರೇ ಹೋಗಬೇಕು ಅನ್ನಿಸುವ ಒಂದು ಜಾಗ ಹೇಳಬೇಕು. ನಾಲ್ಕು ವಾರ ಕೋಲು ಹಿಡಿದು ನಡೆಯುವ ಪಾಠ. ಆಮೇಲೆ ಒಬ್ಬರೇ ನಡೆಯುವುದು. ಚಕ್ರದಣ್ಣ ಹದಿನೈದು ಹೆಜ್ಜೆ ಹಿಂದೆ ತುಟಿ ಬಿಚ್ಚದೆ ಬರುತ್ತಾ, ಎಲ್ಲಿ ನಿಂತರು, ಎಲ್ಲಿ ತಡವರಿಸಿದರು, ಯಾರು ಅಡ್ಡ ಬಂದರು ಅಂತ ಬರೆದುಕೊಳ್ಳುತ್ತಾರೆ. ಪ್ರಾಣಕ್ಕೆ ಕುತ್ತು ಬಂದರೆ ಮಾತ್ರ ಕೂಗಬಹುದು. ಇಷ್ಟನ್ನೂ ವಿವರಿಸಿ ಟೀಚರ್ ಕೇಳಿದಳು: "ಸರ್, ಕೊನೇ ಸಲ ಒಬ್ಬರೇ ಹೊರಗೆ ಹೋಗಿದ್ದು ಯಾವಾಗ?"

"ಎಂಟು ವರ್ಷ ಆಯ್ತಮ್ಮ. ಊರಿಗೆ ನೀರು ಬಿಡೋಕೆ ಹೋಗಿದ್ದೆ."

"ಈಗ ಒಬ್ಬರೇ ಎಲ್ಲಿಗೆ ಹೋಗ್ಬೇಕು ಅನ್ಸುತ್ತೆ?"

ನಾನು ಬಾಯಿ ಹಾಕಿದೆ. "ಅವರಿಗೆ ಎಲ್ಲಿಗೂ ಹೋಗಬೇಕಿಲ್ಲ. ಎಲ್ಲ ಕಡೆಗೂ ನಾನೇ ಕರ್ಕೊಂಡು ಹೋಗ್ತೀನಲ್ಲ."

"ಅಕ್ಕಾ, ಪ್ರಶ್ನೆ ಅವರಿಗೆ."

ನಿಮ್ಮಣ್ಣ ಪರದೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಸಮುದ್ರ ನೋಡಬೇಕು, ಬೆಟ್ಟ ಹತ್ತಬೇಕು ಅನ್ನುತ್ತಾರೇನೋ ಅಂತ ನನಗೆ ಒಳಗೊಳಗೇ ದಿಗಿಲು. ಅವರು ಹೇಳಿದ್ದು, "ಕ್ಷೌರದ ಅಂಗಡಿಗೆ."

ನನಗೆ ನಗು ತಡೆಯಲಾಗಲಿಲ್ಲ. "ತಿಂಗಳು ತಿಂಗಳು ನಾನು ಕರ್ಕೊಂಡು ಹೋಗ್ತಿಲ್ವಾ?" ಅಂದೆ.

"ಅದಕ್ಕೇ ಹೇಳ್ತಿರೋದು. ನೀನು ಬೆಂಚಿನ ಮೇಲೆ ಕೂತಿದ್ರೆ ಅಲ್ಲಿ ಒಬ್ಬನೂ ಬಾಯಿ ಬಿಡಲ್ಲ. ಕತ್ತರಿ ಸದ್ದು ಬಿಟ್ರೆ ಬೇರೆ ಏನೂ ಕೇಳಲ್ಲ. ಊರಲ್ಲಿ ಏನು ನಡೀತಿದೆ ಅಂತ ಎಂಟು ವರ್ಷದಿಂದ ನನಗೆ ಗೊತ್ತಿಲ್ಲ ಕಣೇ!"

ಟೀಚರ್ ಬಿದ್ದು ಬಿದ್ದು ನಕ್ಕಳು. ಚಕ್ರದಣ್ಣ ಬರೆದುಕೊಂಡರು. ಮರುದಿನ ಚಕ್ರ ಉರುಳಿಸಿ ಅಳೆದರು: ನಮ್ಮ ಕೆಳಗಿನ ಮೆಟ್ಟಿಲಿನಿಂದ ಕ್ಷೌರದ ಅಂಗಡಿಯ ಹೊಸ್ತಿಲವರೆಗೆ ಆರುನೂರ ನಲವತ್ತು ಮೀಟರ್.

ಪಾಠದ ದಿನಗಳನ್ನು ನೀನು ನೋಡಬೇಕಿತ್ತು. ಮೊದಲ ವಾರ ಕೋಲಿನ ತುದಿ ನನ್ನ ಹೂಕುಂಡ ಎರಡು ಒಡೆಯಿತು, ಕೆಳಮನೆಯ ಬೆಕ್ಕು ಮನೆ ಬಿಟ್ಟು ಓಡಿಹೋಯಿತು. ಎಡಗಾಲು ಮುಂದಿಟ್ಟಾಗ ಕೋಲು ಬಲಕ್ಕೆ ಇರಬೇಕು, ಬಲಗಾಲಿಗೆ ಎಡಕ್ಕೆ. ನಿಮ್ಮಣ್ಣ ಹಜಾರದಲ್ಲಿ ಹೋಗುತ್ತಾ ಬರುತ್ತಾ ಎಡ ಬಲ ಎಡ ಬಲ ಅಂತ ಗುನುಗುತ್ತಿದ್ದರೆ ನಮ್ಮ ಶಾಲೆಯ ಕವಾಯತು ನೆನಪಾಗುತ್ತಿತ್ತು. ಎರಡನೆಯ ವಾರ ಬೀದಿಗೆ ಇಳಿದರು. ಅಲ್ಲಿಂದ ಆಟವೇ ಬದಲಾಯಿತು.

ನಿಮ್ಮಣ್ಣ ಹತ್ತೊಂಬತ್ತು ವರ್ಷ ಊರಿಗೆ ನೀರು ಬಿಟ್ಟವರು. ಬೆಳಗಿನ ಜಾವ ಎದ್ದು, ಆ ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು, ಬೀದಿ ಬೀದಿಯ ವಾಲ್ವ್ ತಿರುಗಿಸಿದವರು. ನಮಗೆಲ್ಲ ಊರು ಅಂದರೆ ನೆಲದ ಮೇಲಿರುವುದು, ಅವರಿಗೆ ನೆಲದ ಕೆಳಗಿರುವುದು. ಕೋಲಿನ ತುದಿ ಒಂದು ಕಬ್ಬಿಣದ ಮುಚ್ಚಳಕ್ಕೆ ತಾಗಿದ್ದೇ ತಡ, ನಿಂತುಬಿಟ್ಟರಂತೆ. ಇನ್ನೊಂದು ಸಲ ಬಡಿದು, "ಇದು ನಲವತ್ತೊಂದನೇ ವಾಲ್ವ್. ಇಲ್ಲಿಂದ ಪೈಪು ಬೇಕರಿ ಕಡೆ ತಿರುಗುತ್ತೆ. ಹದಿನೆಂಟು ಹೆಜ್ಜೆ ಆದ್ಮೇಲೆ ಇನ್ನೊಂದು ಮುಚ್ಚಳ, ಅದು ಸ್ವಲ್ಪ ಅಲ್ಲಾಡುತ್ತೆ" ಅಂದರು. ಚಕ್ರದಣ್ಣ ಅಳೆದರು. ಹತ್ತೊಂಬತ್ತು ಹೆಜ್ಜೆ. ಮುಚ್ಚಳ ಅಲ್ಲಾಡುತ್ತಿತ್ತು. "ಒಂದು ಹೆಜ್ಜೆ ವಯಸ್ಸಾಗಿದ್ದಕ್ಕೆ" ಅಂದರಂತೆ ನಿಮ್ಮಣ್ಣ.

ಟೀಚರ್‌ಗೆ ಅವತ್ತು ಹಬ್ಬ. ಮಳೆನೀರು ಯಾವ ಕಡೆಗೆ ಹರಿಯುತ್ತದೆ ಅನ್ನುವುದರಿಂದ ರಸ್ತೆಯ ಇಳಿಜಾರು, ಮುಚ್ಚಳದ ಸದ್ದಿನಿಂದ ಬೀದಿಯ ಹೆಸರು, ಹೀಗೆ ಅವರ ತಲೆಯೊಳಗೆ ಇಡೀ ಊರಿನ ನಕ್ಷೆ ಹಾಗೇ ಇತ್ತು. ನೀರಿನ ಕಚೇರಿಯಿಂದ ತರಿಸಿದ ನಕ್ಷೆಯಲ್ಲಿ ಎರಡು ಕಡೆ ತಪ್ಪಿತ್ತು, ಇವರು ಹೇಳಿದ್ದು ಸರಿಯಿತ್ತು. ನಮ್ಮ ಮನೆಯ ಊಟದ ಮೇಜಿನ ಮೇಲೆ ಟೀಚರ್ ಒಂದು ರಬ್ಬರ್ ಹಾಳೆ ಹಾಸಿ, ಅದರ ಮೇಲೆ ದಾರ ಅಂಟಿಸಿ ಬೀದಿಗಳನ್ನು, ಗುಂಡಿ ಅಂಟಿಸಿ ಮುಚ್ಚಳಗಳನ್ನು ಮಾಡಿದಳು. ದಾರ ನನ್ನದು, ಗುಂಡಿಯೂ ನನ್ನದೇ. ಇಬ್ಬರೂ ಅದರ ಮೇಲೆ ಬೆರಳಾಡಿಸಿಕೊಂಡು, "ಇಲ್ಲಲ್ಲ ಟೀಚರ್, ಇದು ಆ ಕಡೆ" "ಸರ್, ನೀವು ಹೇಳಿದ್ದೇ ಈ ಕಡೆ ಅಂತ" ಎಂದು ಜಗಳವಾಡುವುದನ್ನು ಕೇಳುತ್ತಾ ನಾನು ಮೆಷಿನ್ ತುಳಿಯುತ್ತಿದ್ದೆ. ಪರದೆಯ ತುದಿಯನ್ನು ಬಟ್ಟೆಕ್ಲಿಪ್ಪು ಹಾಕಿ ಕುರ್ಚಿಗೆ ಸಿಕ್ಕಿಸಿದ್ದೆ. ಎಂಟು ವರ್ಷದಲ್ಲಿ ನನಗೆ ಆ ಕ್ಲಿಪ್ಪು ಹೊಳೆದಿರಲಿಲ್ಲ ನೋಡು.

ಮೂರನೆಯ ವಾರ ಬಿದ್ದರು. ಪೈಪು ರಿಪೇರಿಗೆ ಅಗೆದು, ಸುತ್ತ ಏನೂ ಕಟ್ಟದೆ ಬಿಟ್ಟ ಗುಂಡಿ. ಮೊಣಕಾಲ ಕೆಳಗೆ ಒಂದು ಗೇಣು ಚರ್ಮ ಸುಲಿದಿತ್ತು. ಔಷಧಿ ಹಚ್ಚುತ್ತಾ ನಾನು, "ಸಾಕು, ಇಲ್ಲಿಗೆ ನಿಲ್ಲಿಸಿ. ನಿಮಗೇನಾದ್ರೂ ಆದ್ರೆ ಆ ಟೀಚರ್ ಬಂದು ನೋಡ್ಕೋತಾಳಾ?" ಅಂತ ಕೂಗಾಡಿದೆ. ಅವರು ತಣ್ಣಗೆ, "ಗುಂಡಿ ತೋಡಿ ಬಿಟ್ಟಿದ್ದು ಅವರ ತಪ್ಪು. ನನ್ನ ಕಣ್ಣಿನದ್ದಲ್ಲ" ಅಂದರು. ಮರುದಿನ ಕುಂಟುತ್ತಾ ನೀರಿನ ಕಚೇರಿಗೇ ಹೋದರು. ಟೀಚರ್ ಬಾಗಿಲ ಹೊರಗೆ ನಿಂತಿದ್ದಳಂತೆ, ಒಳಗೆ ಇವರೊಬ್ಬರೇ. ಹಳೆಯ ಜೊತೆಗಾರರು ಬಾ ಬಾ ಅಂತ ಕುರ್ಚಿ ಕೊಟ್ಟರೆ ಕೂರದೆ, "ನಾನಿದ್ದಾಗ ಗುಂಡಿ ತೋಡಿದ್ರೆ ಹಗ್ಗ ಕಟ್ಟದೆ ಟೀ ಕುಡಿಯೋಕೆ ಹೋಗ್ತಿರಲಿಲ್ಲ ನಾವು" ಎಂದು ಹೇಳಿ ಬಂದರಂತೆ. ಸಂಜೆಯೊಳಗೆ ಗುಂಡಿಯ ಸುತ್ತ ಹಲಗೆ ಬಂತು. ಆ ದಿನ ಅವರು ಊಟಕ್ಕೆ ಕೂತ ರೀತಿಯನ್ನೇ ನೀನು ನೋಡಬೇಕಿತ್ತು. ಬೆನ್ನು ನೆಟ್ಟಗೆ. ಹಳೇ ಗಂಡ ಮನೆಗೆ ಬಂದ ಹಾಗಿತ್ತು.

ಈಗ ನನ್ನ ಮಾನ ಹರಾಜಾದ ಕಥೆ. ನಗಬೇಡ. ಒಬ್ಬರೇ ನಡೆಯುವ ಮೊದಲ ಪ್ರಯತ್ನದ ದಿನ ಮನೆಯವರು ಯಾರೂ ಹಿಂದೆ ಬರಬಾರದು ಅಂತ ಕಟ್ಟುನಿಟ್ಟು. ನಾನು ತಲೆಯಾಡಿಸಿದ್ದೆ. ಇವರು ಮೆಟ್ಟಿಲಿಳಿದ ಕೂಡಲೇ ಕೆಳಮನೆಯವಳ ಚಪ್ಪಲಿ ಕೇಳಿ ಹಾಕಿಕೊಂಡೆ. ನನ್ನ ಚಪ್ಪಲಿಯ ಸದ್ದು ಅವರಿಗೆ ಗೊತ್ತಲ್ಲ, ಅದಕ್ಕೆ. ಚಕ್ರದಣ್ಣನಿಗೂ ಇನ್ನೊಂದಿಪ್ಪತ್ತು ಹೆಜ್ಜೆ ಹಿಂದೆ, ಗೋಡೆ ಪಕ್ಕ ಪಕ್ಕ, ಕಳ್ಳಿಯ ಹಾಗೆ ಹೋಗುತ್ತಿದ್ದೆ. ಬೇಕರಿಯ ಮುಂದೆ ಇವರು ನಿಂತರು. ನಾನೂ ನಿಂತೆ. ಬ್ರೆಡ್ಡು ಕೊಳ್ಳಲು ಏಳೆಂಟು ಜನ ಸೇರಿದ್ದರು. ಇವರು ಹಿಂದೆ ತಿರುಗದೆ, ಇಡೀ ಬೀದಿಗೆ ಕೇಳುವ ಹಾಗೆ, "ಚಪ್ಪಲಿ ನಿನ್ನದಲ್ಲ, ನಡಿಗೆ ನಿನ್ನದೇ. ಮನೆಗೆ ಹೋಗು ಮಾರಾಯ್ತಿ!" ಅಂದರು. ಬೇಕರಿಯವನ ಕೈಯಿಂದ ಇಕ್ಕಳ ಜಾರಿ ಬಿತ್ತು. ನಾನು ಆ ಚಪ್ಪಲಿಯಲ್ಲಿ ಮನೆಗೆ ಹೇಗೆ ಓಡಿದೆನೋ ದೇವರಿಗೇ ಗೊತ್ತು.

ಸಂಜೆ ಟೀಚರ್ ಬಂದು ದಾರಿಯಲ್ಲಿ ಸಿಕ್ಕ ಅಡಚಣೆಗಳ ಪಟ್ಟಿ ಓದಿದಳು. ಅಡ್ಡ ನಿಲ್ಲಿಸಿದ ಸ್ಕೂಟರು, ಎದ್ದ ಕಲ್ಲುಚಪ್ಪಡಿ, ಅಂಗಡಿಯವರು ಹೊರಗಿಟ್ಟ ಬಕೆಟ್ಟು, ಬಾಗಿದ ಕೊಂಬೆ, ಮಲಗಿದ ನಾಯಿ. ಆರನೆಯದು: ಹೆಂಡತಿ.

"ಇದನ್ನೂ ಬರೀಬೇಕಾ?" ಅಂದೆ.

"ಬರೀಲೇಬೇಕು ಅಕ್ಕಾ. ನೀವು ಬಂದಿದ್ದಕ್ಕೆ ಅವರ ಗಮನ ಎಲ್ಲ ಹಿಂದಕ್ಕೆ ಹೋಯ್ತು. ಎಣಿಕೆ ತಪ್ಪಿತು."

ನಕ್ಕೆ, ಟೀ ಮಾಡಿಕೊಟ್ಟೆ. ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಬಹಳ ಹೊತ್ತು ಸುಮ್ಮನೆ ಲೋಟ ತೊಳೆದೆ.

ಆಮೇಲೆ ಬಂತು ನೋಡು ಆ ದಿನ. ಫೆಬ್ರವರಿ ಮೂರನೆಯ ಗುರುವಾರ. ಹತ್ತು ಗಂಟೆಗೆ ಹೊರಟರು. ನಾನು ನಿಜವಾಗಿಯೂ ಮನೆಯಲ್ಲೇ ಇದ್ದೆ. ನಿಲ್ಲಲೂ ಆಗದು, ಕೂರಲೂ ಆಗದು. ಒಂದು ದಿಂಬಿನ ಚೀಲಕ್ಕೆ ನಾಲ್ಕು ಕಡೆಯೂ ಹೊಲಿಗೆ ಹಾಕಿಬಿಟ್ಟಿದ್ದೆ. ಆರುನೂರ ನಲವತ್ತು ಮೀಟರಿಗೆ ಅವರು ತೆಗೆದುಕೊಂಡದ್ದು ಐವತ್ತೆರಡು ನಿಮಿಷ. ಯಾಕೆ ಗೊತ್ತಾ? ಬ್ಯಾಂಕಿನ ಮುಂದೆ ಒಬ್ಬ ಪುಣ್ಯಾತ್ಮ ಇವರ ತೋಳು ಹಿಡಿದು, ಕೇಳದೆ ಮಾಡದೆ, ರಸ್ತೆ ದಾಟಿಸಿಬಿಟ್ಟನಂತೆ. ಇವರಿಗೆ ಆ ಕಡೆ ಕೆಲಸವೇ ಇಲ್ಲ! "ಅಯ್ಯಾ ನಾನು ಈ ಕಡೆನೇ ಇರಬೇಕಿತ್ತು" ಅನ್ನುವಷ್ಟರಲ್ಲಿ ಅವನು ಬಸ್ಸು ಹತ್ತಿ ಹೋದ. ಇವರು ಟ್ರಾಫಿಕ್ ಸದ್ದು ಕೇಳಿಕೊಂಡು ಕಷ್ಟಪಟ್ಟು ವಾಪಸ್ ದಾಟಿದರೆ, ಈ ಕಡೆ ನಿಂತ ಒಬ್ಬ ಅಜ್ಜಿ "ಪಾಪ, ದಾಟಬೇಕೇನಪ್ಪ" ಅಂತ ಮತ್ತೆ ಆ ಕಡೆಗೆ ಬಿಟ್ಟರಂತೆ. ಚಕ್ರದಣ್ಣ ಹದಿನೈದು ಹೆಜ್ಜೆ ಹಿಂದೆ ನಗು ತಡೆಯಲಾಗದೆ ಬಾಯಿಗೆ ಕರವಸ್ತ್ರ ತುರುಕಿಕೊಂಡಿದ್ದರಂತೆ.

ಕೊನೆಗೂ ಕ್ಷೌರದ ಅಂಗಡಿಯ ಬಾಗಿಲಿಗೆ ಕೋಲು ತಾಗಿತು. ಕ್ಷೌರಿಕ ಇವರ ಹಿಂದೆ ಮುಂದೆ ನೋಡಿ, "ಅಮ್ಮಾವ್ರು ಎಲ್ಲಿ ಸ್ವಾಮಿ?" ಅಂದನಂತೆ. "ಅಮ್ಮಾವ್ರು ಮನೇಲಿ. ಈಗ ಶುರು ಮಾಡಪ್ಪ, ಎಂಟು ವರ್ಷದ್ದು ಬಾಕಿ ಇದೆ" ಅಂದರಂತೆ ಇವರು. ಎರಡು ಗಂಟೆ ಕಾಲ ಅಲ್ಲಿ ಏನೇನು ಮಾತಾಯಿತೋ, ನನಗೆ ಒಂದಕ್ಷರವನ್ನೂ ಹೇಳಿಲ್ಲ. ಮನೆಗೆ ಬಂದಾಗ ಮೀಸೆ ಇರಲಿಲ್ಲ! ಮದುವೆಯ ಮುಂಚಿನಿಂದ ಇದ್ದ ಮೀಸೆ. "ಯಾರನ್ನ ಕೇಳಿ ತೆಗೆಸಿದ್ರಿ?" ಅಂದೆ. "ಯಾರನ್ನೂ ಕೇಳಲಿಲ್ಲ" ಅಂದರು. ಆ ಎರಡು ಮಾತು ಹೇಳುವಾಗ ಅವರ ಮುಖ ಹೇಗಿತ್ತು ಅಂತ ಬರೆಯಲು ನನಗೆ ಬರುವುದಿಲ್ಲ. ಮೀಸೆಯಿಲ್ಲದ ಮೇಲ್ತುಟಿ ಬೆಳ್ಳಗೆ, ಎಳೇ ಹುಡುಗನ ಹಾಗೆ. ನಾನು ನೋಡಿ ನೋಡಿ ನಕ್ಕೆ, ಅವರೂ ನಕ್ಕರು, ಕೆಳಮನೆಯವಳು ಏನಾಯಿತೋ ಅಂತ ಮೇಲೆ ಓಡಿಬಂದಳು.

ಅದಾದ ಮೇಲೆ ಅವರನ್ನು ಹಿಡಿಯುವವರಿಲ್ಲ. ಬೇಕರಿ, ಬ್ಯಾಂಕು, ನೀರಿನ ಕಚೇರಿಯ ಕಟ್ಟೆ. ಮೊನ್ನೆ ನನಗೆ ಸೂಜಿ ಪೊಟ್ಟಣ ತಂದುಕೊಟ್ಟರು. ಗಾತ್ರ ತಪ್ಪಿತ್ತು, ಆದರೂ ಅದರಲ್ಲೇ ಹೊಲಿಯುತ್ತಿದ್ದೇನೆ.

ಕಳೆದ ಶನಿವಾರ ಗ್ರಂಥಾಲಯದ ಮೇಲಿನ ಹಜಾರದಲ್ಲಿ ಟೀಚರ್ ಎಲ್ಲರನ್ನೂ ಸೇರಿಸಿ ವರದಿ ಓದಿದಳು. ಚುಕ್ಕಿ ಲಿಪಿಯ ಹಾಳೆಗಳ ಮೇಲೆ ಬೆರಳು ಓಡಿಸುತ್ತಾ, ತಲೆ ಮೇಲೆತ್ತಿ, ನಮ್ಮನ್ನೇ ನೋಡುತ್ತಿರುವ ಹಾಗೆ ಓದುತ್ತಿದ್ದಳು. ನಿಮ್ಮಣ್ಣನ ಕಬ್ಬಿಣದ ಮುಚ್ಚಳಗಳಿಗೆ ಅದರಲ್ಲಿ ಒಂದು ಇಡೀ ಅಧ್ಯಾಯ. ಇವರು ಕೂತಲ್ಲೇ ಎರಡು ಅಂಗುಲ ಎತ್ತರವಾದರು. ಆಮೇಲೆ ಅವಳು, ಇಷ್ಟು ವರ್ಷ ಯಾಕೆ ಒಬ್ಬರೇ ಹೊರಗೆ ಹೋಗಲಿಲ್ಲ ಅನ್ನುವ ಪ್ರಶ್ನೆಗೆ ಬಂದ ಉತ್ತರಗಳನ್ನು ಓದಿದಳು. ಗುಂಡಿಗಳು ಮೂರನೆಯ ಕಾರಣ. ವಾಹನಗಳು ಎರಡನೆಯದು. ಹದಿನಾಲ್ಕರಲ್ಲಿ ಹನ್ನೊಂದು ಜನ ಹೇಳಿದ ಮೊದಲನೆಯ ಕಾರಣ, ಮನೆಯವರು ಬೇಡ ಅಂದರು ಅನ್ನುವುದು. ಹಜಾರದಲ್ಲೆಲ್ಲ ನಗು. ಹೆಂಡತಿಯರು ಗಂಡಂದಿರನ್ನು ತಿವಿದರು, ಅಮ್ಮಂದಿರು ಸೆರಗಲ್ಲಿ ಮುಖ ಮುಚ್ಚಿಕೊಂಡರು. ನಾನೂ ನಗಬೇಕಿತ್ತು.

ಕೊನೆಯಲ್ಲಿ, ಮುಂದೆ ಎಲ್ಲಿಗೆ ಹೋಗುತ್ತೀರಿ ಅಂತ ಒಬ್ಬೊಬ್ಬರನ್ನೇ ಕೇಳಿದಳು. ಮಾರುಕಟ್ಟೆಗೆ, ಈಜುಕೊಳಕ್ಕೆ, ಮಗಳ ಶಾಲೆಗೆ, ಹೀಗೆ. ನಿಮ್ಮಣ್ಣ ಎದ್ದು ನಿಂತು, "ನನ್ನ ತಂಗಿ ಮನೆಗೆ. ಆರು ವರ್ಷ ಆಯ್ತು, ನಮ್ಮಿಬ್ಬರಿಗೂ ಮಾತಿಲ್ಲ. ಅವಳು ಬರಲ್ಲ, ಹಟಮಾರಿ. ಅದಕ್ಕೆ ನಾನೇ ಹೋಗ್ತೀನಿ. ಎರಡು ಬಸ್ಸು, ಒಂದು ದೊಡ್ಡ ರಸ್ತೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಆರು ವರ್ಷದ ಹಿಂದಿನ ಜಗಳದ ಮಾತು ಈಗ ಬೇಡ. ಅವರು ಅದನ್ನು ಮನೆಯಲ್ಲೇ ಬಿಟ್ಟು ಹೊರಟಿದ್ದಾರೆ, ನೀನೂ ಎತ್ತಬೇಡ. ಹಾಗೆ ಬರೆಯುತ್ತಿದ್ದೇನೆ, ಆದರೆ ನಾನೇ ಎತ್ತುತ್ತೇನೋ ಏನೋ.

ಸ್ವಲ್ಪ ಬುದ್ಧಿಮಾತು ಕೇಳು. ಜೊತೆಗೆ ನಡೆಯುವಾಗ ಅವರ ಕೈ ಹಿಡಿಯಬೇಡ, ನಿನ್ನ ಮೊಣಕೈ ಕೊಡು, ಬೇಕಾದರೆ ಅವರೇ ಹಿಡಿಯುತ್ತಾರೆ. ಕೋಣೆಯಿಂದ ಎದ್ದು ಹೋಗುವಾಗ "ಹೋಗ್ತಿದ್ದೀನಿ ಅಣ್ಣ" ಅನ್ನು, ಇಲ್ಲದಿದ್ದರೆ ಅವರು ಖಾಲಿ ಕುರ್ಚಿಯ ಜೊತೆ ಮಾತಾಡುತ್ತಾ ಇರುತ್ತಾರೆ. ಒಂದು ಸಲ ಮನೆಯೆಲ್ಲ ತೋರಿಸಿಬಿಡು, ಆಮೇಲೆ ಸಾಮಾನು ಜರುಗಿಸಬೇಡ. ಎಡವಿದರೆ ಓಡಿಬರಬೇಡ. ಇದು ನನಗೆ ಇನ್ನೂ ಬಂದಿಲ್ಲ, ನಿನಗಾದರೂ ಬರಲಿ. ನಿಮ್ಮ ಬೀದಿಯ ಮುಚ್ಚಳಗಳ ಬಗ್ಗೆ ಅವರು ಪ್ರವಚನ ಶುರು ಮಾಡಿದರೆ ಸುಮ್ಮನೆ ಕೇಳು.

ನಿನ್ನ ಮಗಳಿಗೆ ಒಂದು ಲಂಗ ಹೊಲಿದು ಕಳಿಸಿದ್ದೇನೆ, ಸೊಂಟ ಬಿಗಿಯಾದರೆ ಒಳಗೆ ಎರಡು ಅಂಗುಲ ಬಟ್ಟೆ ಬಿಟ್ಟಿದ್ದೇನೆ. ಅವಳು ಚೆನ್ನಾಗಿ ಓದಲಿ, ನಿನ್ನ ಹಾಗೆ ಬಾಯಿ ಜೋರಾಗಲಿ. ನಿನ್ನ ಯಜಮಾನರ ಬೆನ್ನುನೋವು ಬೇಗ ವಾಸಿಯಾಗಲಿ. ನೀನು ನೂರು ವರ್ಷ ನಗುತ್ತಾ, ಜಗಳವಾಡುತ್ತಾ ಇರು.

ನಿನ್ನ ಅತ್ತಿಗೆ,
ಅದಕ್ಕೂ ಮೊದಲು ನಿನ್ನ ಬೆಂಚಿನ ಗೆಳತಿ

ತಾ.ಕ. ಭಾನುವಾರ ಬೆಳಗ್ಗೆ. ಅವರು ಸ್ನಾನಕ್ಕೆ ಹೋಗಿದ್ದಾರೆ. ಎಂಟೂವರೆಯ ಬಸ್ಸು. ಬಚ್ಚಲಿನಲ್ಲಿ ಹಾಡುತ್ತಿದ್ದಾರೆ, ರಾಗ ಎಲ್ಲೆಲ್ಲೋ ಹೋಗುತ್ತಿದೆ. ಈಗ ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ.

ಆರು ವರ್ಷದ ಹಿಂದೆ ನೀನು ನಿಮ್ಮೂರಿನ ತರಬೇತಿ ಕೇಂದ್ರಕ್ಕೆ ಅಣ್ಣನ ಹೆಸರಲ್ಲಿ ಅರ್ಜಿ ಹಾಕಿದ್ದೆ. ಮೂರು ತಿಂಗಳು ಅಲ್ಲೇ ಇದ್ದು ಕಲಿಯಬೇಕಿತ್ತು. ಕರೆದು ಕಾಗದ ಹಾಕಿದ್ದೇವೆ, ಉತ್ತರ ಬರಲಿಲ್ಲ ಅಂತ ಕೇಂದ್ರದವರು ನಿನಗೆ ಹೇಳಿದರು. ನೀನು ಬಂದು ಜಗಳವಾಡಿದೆ. "ನನಗೆ ಯಾವ ಕಾಗದವೂ ಬಂದಿಲ್ಲ" ಅಂದರು ನಿಮ್ಮಣ್ಣ. "ಸುಳ್ಳು! ಹೆಂಡತಿ ಹೆಗಲ ಮೇಲೆ ಕೈಯಿಟ್ಕೊಂಡು ಓಡಾಡೋ ಸುಖ ಬಿಡೋಕೆ ನಿನಗೆ ಇಷ್ಟ ಇಲ್ಲ" ಅಂದೆ ನೀನು. ನಾನು ನಿಮ್ಮಿಬ್ಬರ ನಡುವೆ ಟೀ ಲೋಟ ಹಿಡಿದು ನಿಂತಿದ್ದೆ.

ಅವರು ಸುಳ್ಳು ಹೇಳಿರಲಿಲ್ಲ. ಕಾಗದ ಬಂದಿತ್ತು. ಮನೆಗೆ ಬಂದ ಕಾಗದವೆಲ್ಲ ಓದಿ ಹೇಳುವವಳು ನಾನೇ ಅಲ್ಲವೇ. "ಏನದು?" ಅಂದರು. "ಹೊಲಿಗೆ ಮೆಷಿನ್ ಕಂಪನಿಯವರ ಜಾಹೀರಾತು, ಹೊಸ ಮಾದರಿ ಬಂದಿದೆಯಂತೆ" ಅಂದೆ. ಆಮೇಲೆ ಹದಿನೈದು ದಿನ ಅವರು ನನ್ನ ಬೆನ್ನು ಬಿಡಲಿಲ್ಲ. "ಆ ಹೊಸ ಮೆಷಿನ್ ತಗೋ, ಕಾಲು ತುಳಿಯೋದು ಕಮ್ಮಿಯಾಗುತ್ತೆ, ನಿನ್ನ ಮಂಡಿ ಉಳಿಯುತ್ತೆ" ಅಂತ.

ಯಾಕೆ ಹಾಗೆ ಮಾಡಿದೆ ಅಂದರೆ, ಭಯ ಅಂತ ಹೇಳಬಹುದು. ಭಯವೂ ಇತ್ತು. ಆದರೆ ನಿನಗೆ ನಿಜ ಹೇಳುತ್ತೇನೆ. ಮದುವೆಯಾದ ಹತ್ತೊಂಬತ್ತು ವರ್ಷ ಅವರು ಬೀದಿಯಲ್ಲಿದ್ದರು, ಪಂಪ್‌ಹೌಸಿನಲ್ಲಿದ್ದರು, ಸ್ನೇಹಿತರ ನಡುವೆ ಇದ್ದರು. ಮನೆಗೆ ಮಲಗಲು ಬರುತ್ತಿದ್ದರು. ಕಣ್ಣು ಹೋದ ಮೇಲೆ ಮೊದಲ ಸಲ ಒಂದಿಡೀ ಮಧ್ಯಾಹ್ನ ನನ್ನ ಜೊತೆ ಕೂತರು. ಬಟ್ಟೆಯ ತುದಿ ಹಿಡಿದುಕೊಂಡು ಅದೂ ಇದೂ ಮಾತಾಡಿದರು. ನಾನು ಸುಖವಾಗಿದ್ದೆ ಕಣೇ. ಅದನ್ನು ಬಿಟ್ಟುಕೊಡಲು ನನ್ನ ಕೈಲಾಗಲಿಲ್ಲ. ಅದಕ್ಕಾಗಿ ಅವರ ಆರು ವರ್ಷವನ್ನು ತೆಗೆದುಕೊಂಡೆ. ಅವರ ತಂಗಿಯನ್ನೂ ತೆಗೆದುಕೊಂಡೆ.

ಈ ವಾರ ಮೂರು ಸಲ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಮತ್ತೆ ಯೋಚಿಸಿದೆ, ಇಲ್ಲಿ ಹೇಳಿದರೆ ಅವರಿಗೆ ಸಿಟ್ಟು ಬಂದರೂ ಊಟ ನನ್ನ ಕೈಯಿಂದಲೇ ಆಗಬೇಕು. ಅಲ್ಲಿ ನೀನಿರುತ್ತೀಯ. ಆ ಕೇಂದ್ರದ ಕಾಗದ ಈ ಲಕೋಟೆಯಲ್ಲೇ ಇದೆ. ಅದನ್ನೂ ಇದನ್ನೂ ಅವರಿಗೆ ಓದಿ ಹೇಳು. ಒಂದು ಅಕ್ಷರವನ್ನೂ ಬಿಡಬೇಡ, ನನ್ನ ಪರವಾಗಿ ಒಂದು ಮಾತನ್ನೂ ಸೇರಿಸಬೇಡ.

ಬುಧವಾರ ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ ಬರುತ್ತೇನೆ ಅಂತ ನನಗೆ ಹೇಳಿದ್ದಾರೆ. ಆ ಬಸ್ಸು ಹತ್ತುವುದೂ ಬಿಡುವುದೂ ಅವರ ಇಷ್ಟ, ನೀನು ಒತ್ತಾಯ ಮಾಡಬೇಡ. ನಾನು ನಿಲ್ದಾಣಕ್ಕೆ ಬರುವುದಿಲ್ಲ. ಮನೆಯಲ್ಲೇ ಇರುತ್ತೇನೆ.